ಡಾಕ್ಟರ್ ಚೀಟಿ, ಮೆಡಿಕಲ್ ಶಾಪು, ಕಾನೂನು: ಪದೇ ಪದೇ ಕೇಳುವ ಪ್ರಶ್ನೆಗಳು

"ಚೀಟಿ ಇಲ್ದೆ ಕೊಡಕ್ಕಾಗಲ್ಲ" ಅಂದ ಕೂಡಲೇ ಕೌಂಟರಿನಲ್ಲಿ ಶುರುವಾಗುವ ವಾದ ರಾಜ್ಯದ ಯಾವ ಊರಿನಲ್ಲಾದರೂ ಒಂದೇ. "ಆ ಕಡೆ ಅಂಗಡಿಯವರು ಕೊಡ್ತಾರೆ, ನಿಮ್ದೇನು ಹೊಸ ರೂಲ್ಸು?" ರೂಲ್ಸು ಹಳೆಯದೇ, ಕೆಲವಂತೂ ಸ್ವಾತಂತ್ರ್ಯಕ್ಕಿಂತ ಹಿಂದಿನವು. ನಾನು ಕೌಂಟರಿನ ಒಳಗಡೆ ನಿಲ್ಲುವ ಫಾರ್ಮಸಿಸ್ಟ್. ಗಿರಾಕಿಗಳು ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ಕೇಸು, ನೋಟಿಸು ಎದುರಿಸುತ್ತಿರುವವರು ವಕೀಲರನ್ನೇ ಕೇಳಬೇಕು.

ಮೆಡಿಕಲ್ ಶಾಪುಗಳ ಮೇಲೆ ಯಾರ ಹಿಡಿತ? ಕೇಂದ್ರದ್ದೋ, ರಾಜ್ಯದ್ದೋ?

ಕಾನೂನು ಮಾಡಿದ್ದು ಕೇಂದ್ರ, ಜಾರಿ ಮಾಡುವುದು ರಾಜ್ಯ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, ಅದರಡಿ ಬಂದ 1945ರ ನಿಯಮಗಳು ಔಷಧಿಗೂ ಅಂಗಡಿಗೂ ಅನ್ವಯಿಸುತ್ತವೆ. ಔಷಧಿ ಕೊಡುವ ವ್ಯಕ್ತಿಗೆ ಅನ್ವಯಿಸುವುದು 1948ರ ಫಾರ್ಮಸಿ ಕಾಯ್ದೆ. ಅಂಗಡಿಗೆ ಲೈಸೆನ್ಸ್ ಕೊಡುವುದು, ತಪಾಸಣೆಗೆ ಬರುವುದು, ತಪ್ಪಿದ್ದರೆ ಲೈಸೆನ್ಸ್ ಅಮಾನತು ಮಾಡುವುದು ಎಲ್ಲ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳ ಕೆಲಸ. ಫಾರ್ಮಸಿಸ್ಟನ ಹೆಸರು ನೋಂದಾಯಿಸುವುದು, ದುರ್ನಡತೆ ಸಾಬೀತಾದರೆ ತೆಗೆದುಹಾಕುವುದು ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ಲಿನ ಕೆಲಸ. ಅಂಗಡಿಯ ಮೇಲೆ ದೂರಿದ್ದರೆ ಮೊದಲನೆಯದಕ್ಕೆ, ಫಾರ್ಮಸಿಸ್ಟನ ಮೇಲೆ ದೂರಿದ್ದರೆ ಎರಡನೆಯದಕ್ಕೆ ಬರೆಯಿರಿ. ಜನ ಒಂದಕ್ಕೆ ಬರೆಯಬೇಕಾದ್ದನ್ನು ಇನ್ನೊಂದಕ್ಕೆ ಬರೆದು ತಿಂಗಳುಗಟ್ಟಲೆ ಕಾಯುತ್ತಾರೆ.

ಯಾವ ಔಷಧಿಗೆ ಚೀಟಿ ಬೇಕೇ ಬೇಕು ಅಂತ ನನಗೆ ಹೇಗೆ ಗೊತ್ತಾಗಬೇಕು?

ಸ್ಟ್ರಿಪ್ಪನ್ನು ತಿರುಗಿಸಿ ನೋಡಿ. ಎಡಗಡೆ ಉದ್ದಕ್ಕೂ ಕೆಂಪು ಗೆರೆ ಕಂಡರೆ, ಮೇಲಿನ ಮೂಲೆಯಲ್ಲಿ ಆರ್‌ಎಕ್ಸ್ ಗುರುತಿದ್ದರೆ ಅದು ಚೀಟಿಯ ಔಷಧಿ. ಆ ಗುರುತಿನಲ್ಲೂ ಮೂರು ಬಗೆ.

ಬರೀ ಆರ್‌ಎಕ್ಸ್ ಇದ್ದರೆ ಶೆಡ್ಯೂಲ್ ಎಚ್ (ಶೆಡ್ಯೂಲ್ ಅಂದರೆ 1945ರ ನಿಯಮಗಳ ಜೊತೆಗಿರುವ ಪಟ್ಟಿ). ಬಿಪಿ ಮಾತ್ರೆ, ಅಮಾಕ್ಸಿಸಿಲಿನ್, ಅಜಿಥ್ರೋಮೈಸಿನ್, ಸ್ಟೀರಾಯ್ಡ್ ಹೀಗೆ ಅಂಗಡಿಯ ಕಪಾಟಿನ ದೊಡ್ಡ ಪಾಲು ಇದೇ. ಕೆಂಪು ಬಣ್ಣದ ಆರ್‌ಎಕ್ಸ್, ಜೊತೆಗೆ ಕೆಂಪು ಚೌಕದೊಳಗೆ ಎಚ್ಚರಿಕೆಯ ಮಾತು ಇದ್ದರೆ ಶೆಡ್ಯೂಲ್ ಎಚ್1. ಇದು 2013ರಲ್ಲಿ ಪ್ರಕಟವಾಗಿ 2014ರ ಮಾರ್ಚ್ 1ರಿಂದ ಜಾರಿಗೆ ಬಂತು. ಶುರುವಿನಲ್ಲಿ 46 ಔಷಧಿಗಳಿದ್ದವು. ಸೆಫಿಕ್ಸಿಮ್, ಲಿವೋಫ್ಲಾಕ್ಸಾಸಿನ್‌ನಂಥ ಬಲವಾದ ಆ್ಯಂಟಿಬಯಾಟಿಕ್‌ಗಳು, ಕ್ಷಯದ ಔಷಧಿಗಳು, ಆಲ್ಪ್ರಜೋಲಾಮ್, ಡಯಜೆಪಾಮ್, ಟ್ರಮಡಾಲ್ ಇದರಲ್ಲಿವೆ. ಎಕ್ಸ್‌ಆರ್‌ಎಕ್ಸ್ ಅಂತ ಇದ್ದರೆ ಶೆಡ್ಯೂಲ್ ಎಕ್ಸ್. ಕೆಟಮಿನ್, ಮಿಥೈಲ್‌ಫೆನಿಡೇಟ್ ಈ ಗುಂಪಿನವು. ಇವನ್ನು ಬೀಗ ಹಾಕಿದ ಕಪಾಟಿನಲ್ಲಿ ಇಡಬೇಕು, ಮಾರಲು ಬೇರೆಯದೇ ಲೈಸೆನ್ಸ್ ಬೇಕು. ಬಹಳ ಅಂಗಡಿಗಳಲ್ಲಿ ಅದು ಇರುವುದೇ ಇಲ್ಲ. ಅದಕ್ಕೇ "ಆ ಮಾತ್ರೆ ನಾವು ಇಡಲ್ಲ" ಅನ್ನುತ್ತಾರೆ. ನಿಮ್ಮ ಮೇಲೆ ಅನುಮಾನಪಟ್ಟು ಹೇಳಿದ್ದಲ್ಲ.

ಎನ್‌ಆರ್‌ಎಕ್ಸ್ ಅಂತ ಕಂಡರೆ ಆ ಔಷಧಿ ಮಾದಕ ವಸ್ತುಗಳ ಕಾಯ್ದೆಯಡಿಯೂ ಬರುತ್ತದೆ ಎಂದರ್ಥ.

ಹಾಗಾದರೆ ಚೀಟಿ ಇಲ್ಲದೆ ಏನೇನು ತಗೊಳ್ಳಬಹುದು?

ಇದಕ್ಕೆ ಸರ್ಕಾರದ ಪಟ್ಟಿ ಇದೆ ಅಂದುಕೊಂಡವರೇ ಹೆಚ್ಚು. ನಮ್ಮ ಕಾನೂನಿನಲ್ಲಿ "ಚೀಟಿ ಬೇಡದ ಔಷಧಿ" ಅನ್ನುವ ಪ್ರತ್ಯೇಕ ವರ್ಗವೇ ಇಲ್ಲ. ಎಚ್, ಎಚ್1, ಎಕ್ಸ್ ಪಟ್ಟಿಗಳಲ್ಲಿ ಇಲ್ಲದ್ದು ಚೀಟಿಯಿಲ್ಲದೆ ಸಿಗುತ್ತದೆ, ಅಷ್ಟೆ. ಪ್ಯಾರಾಸಿಟಮಾಲ್ ಆ ಪಟ್ಟಿಗಳಲ್ಲಿಲ್ಲ. ಕೋವಿಡ್ ಕಾಲದಲ್ಲಿ ಮನೆಮಾತಾದ, ನಮ್ಮ ಬೆಂಗಳೂರಿನದೇ ಕಂಪನಿಯ ಡೋಲೋ 650ಯನ್ನು ಜನ ಸಕ್ಕರೆ ಕೇಳಿದಂತೆ ಕೇಳುವುದು ಇದೇ ಕಾರಣಕ್ಕೆ. ಚೀಟಿ ಬೇಡ ಅಂದಮಾತ್ರಕ್ಕೆ ಎಷ್ಟು ನುಂಗಿದರೂ ನಡೆಯುತ್ತದೆ ಅಂತಲ್ಲ. ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಏಟು ಬೀಳುವುದು ಲಿವರಿಗೆ.

ಶೆಡ್ಯೂಲ್ ಜಿ ಅಂತ ಇನ್ನೊಂದಿದೆ. ಅದಕ್ಕೆ ಚೀಟಿಯ ಕಡ್ಡಾಯವಿಲ್ಲ, ಆದರೆ ವೈದ್ಯರ ನಿಗಾ ಇಲ್ಲದೆ ಸೇವಿಸುವುದು ಅಪಾಯ ಎಂಬ ಎಚ್ಚರಿಕೆ ಲೇಬಲ್ಲಿನ ಮೇಲೆ ಇರಬೇಕು.

ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಮಾರುತ್ತಾರೆ. ಅದು ತಪ್ಪಾ?

ಊರಿನ ಗಾತ್ರದ ಮೇಲೆ ಹೋಗುತ್ತದೆ. ಶೆಡ್ಯೂಲ್ ಕೆ ಎಂಬ ವಿನಾಯಿತಿ ಪಟ್ಟಿಯ ಪ್ರಕಾರ ಜನಸಂಖ್ಯೆ 1,000 ಮೀರದ ಹಳ್ಳಿಯಲ್ಲಿ ಪ್ಯಾರಾಸಿಟಮಾಲ್ ಮಾತ್ರೆ, ನೋವಿನ ಮುಲಾಮು, ಆ್ಯಂಟಾಸಿಡ್, ಗ್ರೈಪ್ ವಾಟರ್‌ನಂಥ ಕೆಲವನ್ನು ಲೈಸೆನ್ಸ್ ಇಲ್ಲದೆ ಮಾರಬಹುದು. ಆದರೆ ಲೈಸೆನ್ಸ್ ಇರುವ ವ್ಯಾಪಾರಿಯಿಂದಲೇ ತಂದಿರಬೇಕು, ಪ್ಯಾಕು ಒಡೆಯದೆ ಹಾಗೇ ಮಾರಬೇಕು. ಗೂಡಂಗಡಿಯವರು ಡಬ್ಬಿಯಿಂದ ಬಿಡಿ ಮಾತ್ರೆ ತೆಗೆದು ಕಾಗದದಲ್ಲಿ ಸುತ್ತಿ ಕೊಡುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ. ಆ್ಯಂಟಿಬಯಾಟಿಕ್ ಅಂತೂ ಎಷ್ಟು ಚಿಕ್ಕ ಹಳ್ಳಿಯಾದರೂ ಇಲ್ಲ.

ಚೀಟಿಯಲ್ಲಿ ಏನೇನು ಇರಬೇಕು? ಡಾಕ್ಟರು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟಿದ್ದಾರೆ.

ಕಾಗದ ಯಾವುದು ಅಂತ ಕಾನೂನು ಕೇಳುವುದಿಲ್ಲ. 1945ರ ನಿಯಮಗಳಲ್ಲಿ 65ನೆಯದು ಕೇಳುವುದು ಇಷ್ಟು: ಬರಹದಲ್ಲಿರಬೇಕು, ವೈದ್ಯರ ಸಹಿ ಮತ್ತು ತಾರೀಖು ಇರಬೇಕು, ರೋಗಿಯ ಹೆಸರು ವಿಳಾಸ ಇರಬೇಕು, ಔಷಧಿಯ ಒಟ್ಟು ಪ್ರಮಾಣ ಮತ್ತು ಡೋಸು ಇರಬೇಕು. ವೈದ್ಯರ ನೋಂದಣಿ ಸಂಖ್ಯೆಯೂ ಚೀಟಿಯಲ್ಲಿರಬೇಕು ಎಂಬುದು ವೈದ್ಯಕೀಯ ಮಂಡಳಿಯ ನೀತಿಸಂಹಿತೆ.

ಇದರಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಒಟ್ಟು ಪ್ರಮಾಣ. "1-0-1" ಅಂತ ಬರೆದು ಎಷ್ಟು ದಿನ ಅಂತ ಬರೆಯದ ಚೀಟಿ ದಿನವೂ ಬರುತ್ತದೆ. ಐದು ದಿನವೋ ಐವತ್ತು ದಿನವೋ ನಾವು ಊಹಿಸಬೇಕು, ಇಲ್ಲವೇ ಕ್ಲಿನಿಕ್ಕಿಗೆ ಫೋನು ಮಾಡಬೇಕು. ಕ್ಲಿನಿಕ್ಕಿನಿಂದ ಏಳುವ ಮೊದಲು "ಎಷ್ಟು ದಿನಕ್ಕೆ ಡಾಕ್ಟ್ರೇ, ಬರೆದುಬಿಡಿ" ಅಂತ ಒಂದು ಮಾತು ಕೇಳಿದರೆ ನಿಮ್ಮ ಓಡಾಟವೂ ಉಳಿಯುತ್ತದೆ, ನಮ್ಮ ಫೋನೂ ಉಳಿಯುತ್ತದೆ.

ಅಕ್ಷರದ ವಿಷಯಕ್ಕೆ ಬಂದರೆ, ಔಷಧಿಯ ಜೆನೆರಿಕ್ ಹೆಸರನ್ನು (ಕಂಪನಿಯ ಬ್ರ್ಯಾಂಡಲ್ಲ, ಒಳಗಿನ ಔಷಧಿಯದೇ ಹೆಸರು) ಓದಲು ಬರುವಂತೆ, ಸಾಧ್ಯವಾದಷ್ಟು ದೊಡ್ಡಕ್ಷರದಲ್ಲಿ ಬರೆಯಬೇಕು ಎಂದು 2016ರಲ್ಲೇ ವೈದ್ಯರ ನೀತಿಸಂಹಿತೆಗೆ ಸೇರಿಸಿದ್ದಾರೆ. ಎಷ್ಟು ಜನ ಪಾಲಿಸುತ್ತಾರೆ ಅನ್ನುವುದನ್ನು ನಿಮ್ಮ ಮನೆಯ ಫೈಲು ತೆಗೆದು ನೋಡಿಕೊಳ್ಳಿ. ಓದಲು ಬಾರದ ಚೀಟಿಗೆ ಅಂದಾಜಿನ ಮೇಲೆ ಔಷಧಿ ಕೊಡದೆ ವಾಪಸ್ ಕಳಿಸುವ ಫಾರ್ಮಸಿಸ್ಟ್ ಮೇಲೆ ಸಿಟ್ಟಾಗಬೇಡಿ.

ಕನ್ನಡದಲ್ಲಿ ಬರೆದ ಚೀಟಿ ನಡೆಯುತ್ತಾ?

ನಡೆಯುತ್ತದೆ. ನಿಯಮ ಬರಹ ಬೇಕು ಅನ್ನುತ್ತದೆಯೇ ಹೊರತು ಯಾವ ಭಾಷೆಯ ಬರಹ ಅಂತ ಹೇಳುವುದಿಲ್ಲ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ವೈದ್ಯರು ಕನ್ನಡದಲ್ಲಿ ಚೀಟಿ ಬರೆಯುವಂತಾಗಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕೆಲವು ವೈದ್ಯರು ಬರೆದೂ ತೋರಿಸಿದರು. ನನ್ನ ಅಭಿಪ್ರಾಯ ಕೇಳಿದರೆ, "ಊಟಕ್ಕೆ ಮೊದಲು", "ರಾತ್ರಿ ಮಲಗುವಾಗ ಅರ್ಧ" ಅನ್ನುವ ಸೂಚನೆಗಳು ಕನ್ನಡದಲ್ಲಿ ಇರಲೇಬೇಕು, ಏಕೆಂದರೆ ಅವನ್ನು ಓದುವವರು ರೋಗಿಗಳು. ಔಷಧಿಯ ಹೆಸರು ಮಾತ್ರ ಸ್ಟ್ರಿಪ್ಪಿನ ಮೇಲೆ ಅಚ್ಚಾಗಿರುವ ಲಿಪಿಯಲ್ಲೂ ಜೊತೆಗಿದ್ದರೆ ಒಳ್ಳೆಯದು. ಒಂದಕ್ಷರದಲ್ಲಿ ಬೇರೆಯಾಗುವ ಬ್ರ್ಯಾಂಡುಗಳು ಲೆಕ್ಕವಿಲ್ಲದಷ್ಟಿವೆ.

ಹಳೇ ಚೀಟಿ ತಂದರೆ ಯಾಕೆ ಕೊಡಲ್ಲ? ಚೀಟಿ ಎಷ್ಟು ದಿನ ನಡೆಯುತ್ತೆ?

ಇಷ್ಟು ದಿನ ಅಂತ ಎಲ್ಲೂ ಬರೆದಿಲ್ಲ. ಬರೆದಿರುವುದು ಬೇರೆಯೇ ಮಾತು, ಅದು ಗೊತ್ತಿರುವವರು ಕಡಿಮೆ: ಒಂದು ಚೀಟಿಗೆ ಒಂದೇ ಸಲ ಔಷಧಿ. ಇನ್ನೊಮ್ಮೆ ಕೊಡಬಹುದು ಅಂತ ವೈದ್ಯರೇ ಅದರಲ್ಲಿ ಬರೆದಿದ್ದರೆ ಮಾತ್ರ ಎರಡನೇ ಸಲ. "ಮೂರು ತಿಂಗಳು, ತಿಂಗಳಿಗೊಮ್ಮೆ" ಅಂತ ಬರೆದಿದ್ದರೆ ಮೂರು ಸಲ, ತಿಂಗಳಿಗೊಮ್ಮೆ. ಪ್ರತಿ ಸಲ ಕೊಟ್ಟಾಗಲೂ ಚೀಟಿಯ ಮೇಲೆ, ವೈದ್ಯರ ಸಹಿಗಿಂತ ಮೇಲುಗಡೆ, ಅಂಗಡಿಯ ಹೆಸರು ವಿಳಾಸ ಮತ್ತು ಕೊಟ್ಟ ತಾರೀಖು ನಮೂದಿಸಬೇಕು. ಕೆಲವು ಅಂಗಡಿಗಳಲ್ಲಿ ಚೀಟಿ ಮೇಲೆ ನೀಲಿ ಸೀಲು ಒತ್ತಿ ಪೆನ್ನಿನಲ್ಲಿ ತಾರೀಖು ಹಾಕುತ್ತಾರಲ್ಲ, ಅದು ಈ ನಿಯಮದ ಪಾಲನೆ. "ನನ್ನ ಚೀಟಿ ಯಾಕೆ ಹಾಳು ಮಾಡಿದ್ರಿ" ಅಂತ ಜಗಳಕ್ಕೆ ಬರುವವರಿದ್ದಾರೆ.

ಈಗ ನಿಜ ಜೀವನಕ್ಕೆ ಬರೋಣ. ಶುಗರು, ಬಿಪಿ ಇರುವ ಅಜ್ಜ ಪ್ರತಿ ತಿಂಗಳು ಪೇಟೆಗೆ ಬಸ್ಸು ಹಿಡಿದು, ಡಾಕ್ಟರ ಫೀಸು ಕೊಟ್ಟು, ಅದೇ ಮಾತ್ರೆ ಬರೆಸಿಕೊಂಡು ಬರಬೇಕಾ? ಕಾನೂನು ಅದಕ್ಕೆ ದಾರಿ ಇಟ್ಟಿದೆ. ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ ಕೊಡಬಹುದು ಅಂತ ವೈದ್ಯರು ಒಂದು ಸಾಲು ಸೇರಿಸಿದರೆ ಆಯಿತು. ಆ ಸಾಲು ಬರೆಸಿಕೊಳ್ಳದೆ, ಮೊಮ್ಮಗನ ಕೈಯಲ್ಲಿ ಖಾಲಿ ಸ್ಟ್ರಿಪ್ಪು ಕೊಟ್ಟು "ಇದೇ ಕೊಡಿ ಅನ್ನು" ಅಂತ ಕಳಿಸುತ್ತಾರೆ. ಎಷ್ಟೋ ಸಲ ಆ ಸ್ಟ್ರಿಪ್ಪಿನಲ್ಲಿ ಮಾತ್ರೆಯ ಹೆಸರಿನ ಅರ್ಧ ಭಾಗವೇ ಹರಿದು ಹೋಗಿರುತ್ತದೆ. 25 ಮಿಲಿಗ್ರಾಮೋ 50 ಮಿಲಿಗ್ರಾಮೋ ಅನ್ನುವ ಭಾಗವೇ ಅದು. ನಡುವೆ ಡಾಕ್ಟರು ಡೋಸು ಬದಲಿಸಿದ್ದರೆ ಸ್ಟ್ರಿಪ್ಪು ಅದನ್ನು ಹೇಳುವುದಿಲ್ಲ. ಖಾಲಿ ಸ್ಟ್ರಿಪ್ಪು ಚೀಟಿಯಾಗುವುದಿಲ್ಲ.

ಆ್ಯಂಟಿಬಯಾಟಿಕ್‌ಗೆ ಮಾತ್ರ ಹಳೇ ಚೀಟಿ ಹಿಡಿದು ಬರಲೇಬೇಡಿ. ಹೋದ ವರ್ಷದ ಗಂಟಲು ನೋವಿಗೆ ಬರೆದದ್ದು ಈ ವರ್ಷದ್ದಕ್ಕೆ ಬರೆದಂತಲ್ಲ.

ಬರೆದ ಕಂಪನಿಯದ್ದು ಇಲ್ಲ ಅಂತ ಬೇರೆ ಕಂಪನಿಯದ್ದು ಕೊಡ್ತಾರೆ. ಕೊಡಬಹುದಾ?

ಎಚ್, ಎಚ್1, ಎಕ್ಸ್ ಪಟ್ಟಿಯ ಔಷಧಿಯಾದರೆ ಅಂಗಡಿಯವರು ತಾವಾಗಿ ಬದಲಿಸುವ ಹಾಗಿಲ್ಲ. ಒಳಗಿನ ಔಷಧಿ ಅದೇ ಆಗಿದ್ದರೂ, ಬೇರೆ ತಯಾರಿಕೆ ಕೊಡಬಾರದು ಎಂದು ನಿಯಮದಲ್ಲಿ ಸ್ಪಷ್ಟವಾಗಿದೆ. ವೈದ್ಯರನ್ನು ಕೇಳಿ, ಅವರು ಒಪ್ಪಿದರೆ ಆಗ ಬೇರೆ ಮಾತು. ಬ್ರ್ಯಾಂಡಿನ ಬದಲು ಜೆನೆರಿಕ್ ಹೆಸರಿನಲ್ಲೇ ವೈದ್ಯರು ಬರೆದಿದ್ದರೆ ಈ ತೊಡಕೇ ಇಲ್ಲ. ಜನೌಷಧಿ ಕೇಂದ್ರಕ್ಕೆ ಹೋಗಬೇಕು ಅನ್ನುವವರು ಡಾಕ್ಟರ ಹತ್ತಿರ ಜೆನೆರಿಕ್ ಹೆಸರು ಬರೆಸಿಕೊಳ್ಳುವುದೇ ಸರಿ. ಜೆನೆರಿಕ್ ಹೆಸರನ್ನೇ ಬರೆಯಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟ್‌ನಲ್ಲಿ ಬಿಗಿ ನಿಯಮ ತಂದು, ವೈದ್ಯರ ವಿರೋಧ ಬಂದ ಮೇಲೆ ಅದೇ ತಿಂಗಳಲ್ಲಿ ತಡೆಹಿಡಿಯಿತು.

ಇಲ್ಲಿ ನನ್ನದೊಂದು ತಕರಾರು. ಬದಲಿ ಕೊಡಬಾರದೆಂಬ ನಿಯಮದಿಂದ ರೋಗಿಗೆ ಎಷ್ಟು ರಕ್ಷಣೆಯೋ, ದುಬಾರಿ ಬ್ರ್ಯಾಂಡಿಗೂ ಅಷ್ಟೇ ರಕ್ಷಣೆ. ಓದಿ ನೋಂದಣಿಯಾದ ಫಾರ್ಮಸಿಸ್ಟ್ ಅದೇ ಔಷಧಿಯ ಅಗ್ಗದ ಬ್ರ್ಯಾಂಡನ್ನು, ಗಿರಾಕಿಗೆ ಹೇಳಿಯೇ ಕೊಡುವುದಕ್ಕೂ ಬಾಗಿಲು ಮುಚ್ಚಿದೆ. ಆದರೆ ಕೌಂಟರಿನಲ್ಲಿ ನಿಜವಾಗಿ ಫಾರ್ಮಸಿಸ್ಟೇ ನಿಂತಿರುತ್ತಾನೆ ಎಂಬ ಖಾತ್ರಿ ಬರುವವರೆಗೆ ಆ ಬಾಗಿಲು ತೆರೆಯಿರಿ ಅನ್ನಲು ನನಗೂ ಧೈರ್ಯವಿಲ್ಲ.

ಆ ಫಾರ್ಮಸಿಸ್ಟ್ ಅಂದರೆ ಯಾರು? ಅಂಗಡಿಯ ಹುಡುಗ ಕೊಟ್ಟರೆ ಏನಾಗುತ್ತೆ?

ಇದು ಈ ಪುಟದ ಮುಖ್ಯ ಪ್ರಶ್ನೆ. ಪಿಯುಸಿ ಸೈನ್ಸ್ ಆದಮೇಲೆ ಎರಡು ವರ್ಷದ ಡಿ.ಫಾರ್ಮ್ ಮತ್ತು 500 ಗಂಟೆಗಳ ಪ್ರಾಯೋಗಿಕ ತರಬೇತಿ, ಇಲ್ಲವೇ ನಾಲ್ಕು ವರ್ಷದ ಬಿ.ಫಾರ್ಮ್, ಇಲ್ಲವೇ ಆರು ವರ್ಷದ ಫಾರ್ಮ್.ಡಿ ಮುಗಿಸಿ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಆದವರು ಫಾರ್ಮಸಿಸ್ಟ್. ಚೀಟಿಯ ಮೇಲೆ ಕೊಡುವ ಯಾವುದೇ ಔಷಧಿ ಅವರ ಕೈಯಿಂದ, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಹೋಗಬೇಕು. ಹುಡುಗ ಕಪಾಟಿನಿಂದ ಸ್ಟ್ರಿಪ್ಪು ತೆಗೆದುಕೊಡಲಿ, ಬಿಲ್ಲು ಹೊಡೆಯಲಿ. ಚೀಟಿಗೂ ಕೈಯಲ್ಲಿರುವ ಮಾತ್ರೆಗೂ ತಾಳೆ ನೋಡುವವರು ಫಾರ್ಮಸಿಸ್ಟೇ ಆಗಿರಬೇಕು.

ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ನಿನ ಪ್ರಕಾರ ನೋಂದಣಿ ಇಲ್ಲದವರು ಚೀಟಿಯ ಔಷಧಿ ಕೊಡುವುದು ಅಪರಾಧ. ಮೊದಲು ಇದಕ್ಕೆ ದಂಡ 1,000 ರೂಪಾಯಿ ಮಾತ್ರ ಇತ್ತು, ಆರು ತಿಂಗಳವರೆಗೆ ಜೈಲು ಬರೆದಿದ್ದರೂ. 2023ರ ಜನ ವಿಶ್ವಾಸ್ ತಿದ್ದುಪಡಿಯ ನಂತರ ಜೈಲು ಮೂರು ತಿಂಗಳವರೆಗೆ, ದಂಡ 2 ಲಕ್ಷ ರೂಪಾಯಿವರೆಗೆ.

ನಮ್ಮ ವೃತ್ತಿಯ ದೊಡ್ಡ ಹುಣ್ಣು ಸರ್ಟಿಫಿಕೇಟ್ ಬಾಡಿಗೆ. ಗೋಡೆಯ ಮೇಲೆ ಚೌಕಟ್ಟು ಹಾಕಿ ಒಬ್ಬರ ಸರ್ಟಿಫಿಕೇಟ್ ನೇತುಹಾಕಿರುತ್ತಾರೆ. ಆ ಮನುಷ್ಯ ಬೇರೆ ಊರಿನಲ್ಲಿ ಬೇರೆ ಕೆಲಸ ಮಾಡುತ್ತಾ ತಿಂಗಳಿಗೊಮ್ಮೆ ಹಣ ಪಡೆಯುತ್ತಿರುತ್ತಾನೆ. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಪ್ರಕಾರ ಹೀಗೆ ಹೆಸರು ಬಾಡಿಗೆಗೆ ಕೊಡುವುದು, ಒಂದೇ ಹೊತ್ತಿಗೆ ಎರಡು ಕಡೆ ಕೆಲಸ ತೋರಿಸುವುದು ದುರ್ನಡತೆ, ನೋಂದಣಿಯೇ ಹೋಗಬಹುದು. ಅದೇ ನಿಯಮಾವಳಿಯಂತೆ ಫಾರ್ಮಸಿಸ್ಟ್ ಬಿಳಿ ಕೋಟು ಹಾಕಿ, ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜು ಧರಿಸಿರಬೇಕು. ಮುಂದಿನ ಸಲ ಹೋದಾಗ ಗೋಡೆಯ ಮೇಲಿನ ಹೆಸರನ್ನೂ ಕೋಟಿನ ಮೇಲಿನ ಹೆಸರನ್ನೂ ಒಮ್ಮೆ ನೋಡಿ. "ಇವರಿದ್ದಾರಾ?" ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಇಲ್ಲದಿದ್ದರೆ ಚೀಟಿಯ ಔಷಧಿ ಅಲ್ಲಿ ಕೊಳ್ಳಬೇಡಿ.

ಎಚ್1 ಮಾತ್ರೆಗೆ ನನ್ನ ಹೆಸರು ಬರೆದುಕೊಂಡರು. ಯಾಕೆ?

ಬರೆಯದಿದ್ದರೆ ತಪ್ಪು. ಎಚ್1 ಔಷಧಿಗೆ ಬೇರೆಯೇ ರಿಜಿಸ್ಟರ್ ಇದೆ. ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಕೊಟ್ಟ ಪ್ರಮಾಣ ಇಷ್ಟನ್ನು ಅದರಲ್ಲಿ ತುಂಬಿ ಮೂರು ವರ್ಷ ಇಡಬೇಕು. ಡ್ರಗ್ ಇನ್ಸ್‌ಪೆಕ್ಟರ್ ಬಂದರೆ ಮೊದಲು ಕೇಳುವ ಪುಸ್ತಕಗಳಲ್ಲಿ ಇದೊಂದು: ಖರೀದಿ ಬಿಲ್ಲಿನಲ್ಲಿ ಎಷ್ಟು ಬಂದಿದೆ, ರಿಜಿಸ್ಟರಿನಲ್ಲಿ ಎಷ್ಟು ಹೋಗಿದೆ, ಕಪಾಟಿನಲ್ಲಿ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕುತ್ತಾರೆ. ಮೂರೂ ಕೂಡದಿದ್ದರೆ ವಿವರಣೆ ಕೊಡಬೇಕಾದವರು ನಾವು.

ಕ್ಷಯದ ಔಷಧಿಯಾದರೆ ಇನ್ನೂ ಒಂದು ಹೆಜ್ಜೆ ಇದೆ. 2018ರ ಮಾರ್ಚ್‌ನ ಕೇಂದ್ರದ ಅಧಿಸೂಚನೆಯಂತೆ ಅಂಥ ರೋಗಿಗಳ ಮಾಹಿತಿಯನ್ನು ಔಷಧಿ ಅಂಗಡಿಯವರೂ ಆರೋಗ್ಯ ಇಲಾಖೆಗೆ ತಿಳಿಸಬೇಕು. ಚಿಕಿತ್ಸೆ ನಡುವೆ ತಪ್ಪಿಹೋಗದಂತೆ ಹಿಂಬಾಲಿಸಲು ಈ ಮಾಹಿತಿ ಬೇಕು.

ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆಗೆ ಯಾಕಿಷ್ಟು ಕಿರಿಕಿರಿ?

ನಶೆಗೆ ಬಳಕೆಯಾಗುವುದರಿಂದ. ಟ್ರಮಡಾಲ್ 2018ರಲ್ಲಿ ಮಾದಕ ವಸ್ತುಗಳ ಕಾಯ್ದೆಯೊಳಗೆ ಬಂತು. ಆಮೇಲೆ ಟಪೆಂಟಡಾಲ್ ಎಂಬ ಇನ್ನೊಂದು ನೋವಿನ ಮಾತ್ರೆಯ ಹಿಂದೆ ಬಿದ್ದವರು ಹೆಚ್ಚಾದರು. ಶೆಡ್ಯೂಲ್ ಎಕ್ಸ್ ಆದರೆ ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಂಡು ಎರಡು ವರ್ಷ ಕಾಪಾಡಬೇಕು. ಕ್ಯಾನ್ಸರ್ ನೋವಿನಲ್ಲಿರುವವರ ಮನೆಯವರಿಗೆ ಈ ಕಟ್ಟುನಿಟ್ಟು ನಿಜಕ್ಕೂ ಕಷ್ಟ. ಅವರು ಊರೂರು ಅಲೆಯುವ ಬದಲು ಚಿಕಿತ್ಸೆ ನಡೆಯುತ್ತಿರುವ ಆಸ್ಪತ್ರೆಯ ಫಾರ್ಮಸಿಯಲ್ಲೇ ಮೊದಲು ವಿಚಾರಿಸುವುದು ಒಳ್ಳೆಯದು.

ಡಾಕ್ಟರು ವಾಟ್ಸಾಪಿನಲ್ಲಿ ಚೀಟಿ ಕಳಿಸಿದ್ದಾರೆ. ನಡೆಯುತ್ತಾ?

ನಡೆಯುತ್ತದೆ, ಷರತ್ತುಗಳಿವೆ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ಸಹಿ ಮಾಡಿದ ಚೀಟಿಯ ಫೋಟೋ, ಸ್ಕ್ಯಾನ್ ಅಥವಾ ಇ-ಚೀಟಿಗೆ ಮಾನ್ಯತೆ ಕೊಟ್ಟಿದೆ. ಮೊದಲ ಸಲ ವೀಡಿಯೊದಲ್ಲಿ ನೋಡಿದರಷ್ಟೇ ಬರೆಯಬಹುದಾದ ಔಷಧಿಗಳು, ಹಳೇ ರೋಗಿಗೆ ಮುಂದುವರಿಸಿ ಬರೆಯಬಹುದಾದವು ಅಂತ ಪಟ್ಟಿಗಳಿವೆ. ಶೆಡ್ಯೂಲ್ ಎಕ್ಸ್ ಮತ್ತು ಮಾದಕ ವಸ್ತುಗಳ ಕಾಯ್ದೆಯ ಔಷಧಿಗಳನ್ನು ದೂರದಿಂದ ಬರೆಯುವಂತಿಲ್ಲ.

"ಡೋಸು ಎರಡು ಮಾಡಿ" ಅಂತ ಡಾಕ್ಟರು ಬರೀ ಮೆಸೇಜು ಟೈಪು ಮಾಡಿದ್ದರೆ, ಇಲ್ಲವೇ ವಾಯ್ಸ್ ನೋಟ್ ಕಳಿಸಿದ್ದರೆ ಅದು ಚೀಟಿಯಾಗುವುದಿಲ್ಲ. ಸಹಿ, ತಾರೀಖು, ರೋಗಿಯ ಹೆಸರು ಎಲ್ಲಿ?

ಆನ್‌ಲೈನಿನಲ್ಲಿ ಔಷಧಿ ತರಿಸುವುದು ಕಾನೂನುಬದ್ಧವಾ?

ನೇರ ಉತ್ತರ ಕೊಡಲು ಬರದ ಪ್ರಶ್ನೆ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇ-ಫಾರ್ಮಸಿಗೆಂದು ಕರಡು ನಿಯಮ ಹೊರಡಿಸಿತು. ಅದೇ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಲೈಸೆನ್ಸ್ ಇಲ್ಲದ ಆನ್‌ಲೈನ್ ಮಾರಾಟಕ್ಕೆ ತಡೆ ಕೊಟ್ಟಿತು. ಲಾಕ್‌ಡೌನ್ ಬಂದಾಗ, 2020ರ ಮಾರ್ಚ್ 26ರ ಅಧಿಸೂಚನೆ ಲೈಸೆನ್ಸ್ ಇರುವ ಅಂಗಡಿಗಳು ಚೀಟಿ ನೋಡಿ ಮನೆಬಾಗಿಲಿಗೆ ಔಷಧಿ ತಲುಪಿಸಲು ಅವಕಾಶ ಕೊಟ್ಟಿತು. ಔಷಧಿ ವ್ಯಾಪಾರಿಗಳ ಸಂಘಟನೆಗಳು ಅದನ್ನು ಹಿಂಪಡೆಯಿರಿ ಎಂದು ಕೇಳುತ್ತಲೇ ಬಂದಿವೆ. ಆ ಜಗಳದಲ್ಲಿ ನಾನೂ ಒಂದು ಪಕ್ಷದವನು, ಆದ್ದರಿಂದ ತೀರ್ಪು ಹೇಳುವುದಿಲ್ಲ. ನೀವು ನೋಡಬೇಕಾದ್ದು ಇಷ್ಟು: ಚೀಟಿ ಅಪ್‌ಲೋಡ್ ಮಾಡಿ ಅಂತ ಕೇಳಿದರಾ, ಬಂದ ಬಿಲ್ಲಿನಲ್ಲಿ ನಿಜವಾದ ಅಂಗಡಿಯ ಹೆಸರು, ಲೈಸೆನ್ಸ್ ಸಂಖ್ಯೆ, ಬ್ಯಾಚು ಇದೆಯಾ. ಚೀಟಿ ಕೇಳದೆ ಎಚ್1 ಮಾತ್ರೆ ಕಳಿಸುವ ಆ್ಯಪಿಗೂ, ಚೀಟಿ ಕೇಳದೆ ಕೊಡುವ ಬೀದಿ ಅಂಗಡಿಗೂ ಕಾನೂನು ಒಂದೇ.

ಆಯುರ್ವೇದ ಡಾಕ್ಟರು ಬರೆದ ಇಂಗ್ಲಿಷ್ ಔಷಧಿ ಕೊಡಬಹುದಾ?

ಆಯಾ ರಾಜ್ಯ ಸರ್ಕಾರ ಅಂಥ ವೈದ್ಯರಿಗೆ ಅಲೋಪತಿ ಬಳಸಲು ಆದೇಶದ ಮೂಲಕ ಅನುಮತಿ ಕೊಟ್ಟಿದ್ದರೆ ಮಾತ್ರ ಅವರ ಚೀಟಿಗೆ ಮಾನ್ಯತೆ. 1998ರ ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಚಾರ ಮಾಡಿದ್ದು ಇದೇ ನಿಯಮವನ್ನು. ಆಯುರ್ವೇದದ ಔಷಧಿ ಮಾರಲು 1940ರ ಕಾಯ್ದೆಯಡಿ ಮಾರಾಟ ಲೈಸೆನ್ಸೇ ಬೇಡ, ಹೋಮಿಯೋಪತಿಗೆ ಬೇಕು. ವಿಚಿತ್ರ ಅನ್ನಿಸಿದರೂ ಹಾಗೇ ಇದೆ.

ಕ್ಲಿನಿಕ್ಕಿನಲ್ಲಿ ಡಾಕ್ಟರೇ ಮಾತ್ರೆ ಕೊಡುತ್ತಾರಲ್ಲ?

ತಮ್ಮ ರೋಗಿಗೆ ಕೊಡಬಹುದು. ಹೊರಗಿನವರಿಗೆ ಮಾರುವ ಅಂಗಡಿ ಇಡುವಂತಿಲ್ಲ, ಅದಕ್ಕೆ ಲೈಸೆನ್ಸ್ ಬೇಕು.

ಹಸುವಿಗೆ ಔಷಧಿ ಬೇಕು. ಅದಕ್ಕೂ ಚೀಟಿಯಾ?

ಹೌದು, ಪಶುವೈದ್ಯರ ಚೀಟಿ. ಮನುಷ್ಯರ ಇಂಜೆಕ್ಷನ್ ಒಯ್ದು ದನಕ್ಕೆ ಚುಚ್ಚುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಅದರ ಪರಿಣಾಮ ಎಲ್ಲಿಗೆ ಮುಟ್ಟಿತು ಅನ್ನುವುದಕ್ಕೆ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ ಸಾಕ್ಷಿ. ಡೈಕ್ಲೋಫೆನಾಕ್ ಕೊಟ್ಟ ದನ ಸತ್ತು, ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ದೇಶದ ಉದ್ದಗಲಕ್ಕೆ ಅವು ಅಳಿಯುತ್ತಾ ಬಂದವು. 2006ರಲ್ಲಿ ಪಶುಗಳಿಗೆಂದು ಅದನ್ನು ತಯಾರಿಸುವುದನ್ನು ನಿಲ್ಲಿಸಿದರು. ಆದರೂ ಮನುಷ್ಯರ ದೊಡ್ಡ ವಯಲ್‌ಗಳು ಕೊಟ್ಟಿಗೆಗೆ ಹೋಗುತ್ತಿದ್ದವು. 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನೂ ಒಂದೇ ಡೋಸಿನ ಪ್ಯಾಕಿಗೆ ಇಳಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವ ಉದ್ದಕೊಕ್ಕಿನ ರಣಹದ್ದುಗಳಿಗೂ ನಮ್ಮ ಕೌಂಟರಿನ ಪುಟ್ಟ ಗಾಜಿನ ಶೀಶೆಯ ಗಾತ್ರಕ್ಕೂ ಹೀಗೆ ನಂಟಿದೆ. ಡೈಕ್ಲೋಫೆನಾಕ್ ಬದಲು ಮೆಲಾಕ್ಸಿಕಾಮ್ ಬರೆದುಕೊಡಿ ಅಂತ ಪಶುವೈದ್ಯರನ್ನು ಕೇಳಿ.

ಮಗುವಿಗೆ ಕೆಮ್ಮಿನ ಸಿರಪ್ ಚೀಟಿ ಇಲ್ಲದೆ ಕೊಡಿ ಅಂದರೆ ಕೊಡಲಿಲ್ಲ.

ಒಳ್ಳೆಯದೇ ಮಾಡಿದರು. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳು ಡೈಎಥಿಲಿನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್‌ನಿಂದ ಸತ್ತ ಸುದ್ದಿ ಓದಿದ್ದೀರಿ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಲೇಬಾರದು, ಐದು ವರ್ಷದೊಳಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಆಗ ಸಲಹೆ ಹೊರಡಿಸಿತು.

ಕಾಸರಗೋಡಿನಲ್ಲಿ ಆ್ಯಂಟಿಬಯಾಟಿಕ್ ಚೀಟಿಯಿಲ್ಲದೆ ಸಿಗುವುದೇ ಇಲ್ಲ. ಅಲ್ಲಿ ಬೇರೆ ಕಾನೂನಾ?

ಕಾನೂನು ಅದೇ, ಜಾರಿ ಬಿಗಿ. ಕೇರಳದ ಔಷಧ ನಿಯಂತ್ರಣ ಇಲಾಖೆ 2024ರ ಜನವರಿಯಲ್ಲಿ ಆಪರೇಷನ್ ಅಮೃತ್ ಹೆಸರಿನಲ್ಲಿ ದಿಢೀರ್ ತಪಾಸಣೆ ಶುರುಮಾಡಿತು. ಗಡಿ ದಾಟಿ ಇತ್ತ ಬಂದು ಕೊಂಡುಹೋಗುವ ಉಪಾಯ ಮಾಡಬೇಡಿ. ಇಲ್ಲಿಯೂ ಕೊಡುವುದು ತಪ್ಪೇ. ಚೀಟಿ ಇದ್ದರೆ ಕೇರಳದ ಡಾಕ್ಟರದ್ದು ಇಲ್ಲಿ, ಇಲ್ಲಿಯವರದ್ದು ಅಲ್ಲಿ ಧಾರಾಳವಾಗಿ ನಡೆಯುತ್ತದೆ.

ಗಲ್ಫಿನಲ್ಲಿರುವ ಮಗನಿಗೆ ಔಷಧಿ ಕಳಿಸಬಹುದಾ?

ಬಿಪಿ, ಶುಗರಿನ ಮಾತ್ರೆಯಾದರೆ ಚೀಟಿ, ಬಿಲ್ಲು ಜೊತೆಗಿಟ್ಟು ಮೂಲ ಪ್ಯಾಕಿನಲ್ಲೇ ಒಯ್ಯಲಿ. ಟ್ರಮಡಾಲ್, ಕೋಡೀನ್, ನಿದ್ದೆ ಮಾತ್ರೆಗಳಾದರೆ ಯುಎಇಗೆ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಬೇಕು. ಊರಿನವರು ಕೊಟ್ಟ ಪೊಟ್ಟಣವನ್ನು ತೆರೆದು ನೋಡದೆ ಬ್ಯಾಗಿಗೆ ಹಾಕಿಕೊಳ್ಳುವುದು ಬೇಡವೇ ಬೇಡ.

ಬಿಲ್ಲು ಕೇಳಿದರೆ ಗೊಣಗುತ್ತಾರೆ. ಪೂರ್ತಿ ಸ್ಟ್ರಿಪ್ಪೇ ತಗೊಳ್ಳಿ ಅಂತಾರೆ.

ಬಿಲ್ಲು ನಿಮ್ಮ ಹಕ್ಕು, ಅಂಗಡಿಯವರ ಕರ್ತವ್ಯ. ಅದರಲ್ಲಿ ಬ್ಯಾಚ್ ಸಂಖ್ಯೆ ಇರಲಿ. ಎಂಆರ್‌ಪಿಗಿಂತ ಒಂದು ಪೈಸೆ ಹೆಚ್ಚು ಕೇಳುವ ಹಾಗಿಲ್ಲ. ಪೂರ್ತಿ ಸ್ಟ್ರಿಪ್ ಕೊಳ್ಳಲೇಬೇಕೆಂಬ ನಿಯಮವಿಲ್ಲ, ಐದು ದಿನಕ್ಕೆ ಬರೆದಿದ್ದರೆ ಐದು ದಿನದ್ದು ಕೇಳಿ. ಕತ್ತರಿಸುವಾಗ ಎಕ್ಸ್‌ಪೈರಿ ಮತ್ತು ಬ್ಯಾಚ್ ಇರುವ ತುದಿ ಒಬ್ಬರಿಗೆ ಮಾತ್ರ ಹೋಗುತ್ತದೆ ಅನ್ನುವುದು ನಿಜವಾದ ತೊಡಕು. ಅದಕ್ಕೇ ಬಿಲ್ಲು ಇಟ್ಟುಕೊಳ್ಳಿ. "ಮಾರಾಟಕ್ಕಲ್ಲ" ಅಂತ ಅಚ್ಚಾದ ಸ್ಯಾಂಪಲ್ಲು, ಸರ್ಕಾರಿ ಸರಬರಾಜಿನ ಅಥವಾ ಇಎಸ್‌ಐ ಔಷಧಿ ಅಂಗಡಿಯಲ್ಲಿ ಇರುವುದೇ ಅಪರಾಧ, ಅಗ್ಗಕ್ಕೆ ಕೊಟ್ಟರೂ.

ಮೆಡಿಕಲ್ ಶಾಪು ತೆರೆಯಬೇಕು. ಏನೇನು ಬೇಕು?

ಚಿಲ್ಲರೆ ಮಾರಾಟಕ್ಕೆ ಕನಿಷ್ಠ 10 ಚದರ ಮೀಟರ್ ಜಾಗ, ಚಿಲ್ಲರೆ ಮತ್ತು ಸಗಟು ಎರಡೂ ಆದರೆ 15. ಲಸಿಕೆ, ಇನ್ಸುಲಿನ್ ಇಡಲು ಫ್ರಿಜ್ಜು. ಪೂರ್ಣಾವಧಿ ನೋಂದಾಯಿತ ಫಾರ್ಮಸಿಸ್ಟ್. ಫಾರ್ಮ್ 20 ಮತ್ತು 21ರ ಲೈಸೆನ್ಸ್ ಸಾಮಾನ್ಯ ಅಂಗಡಿಗೆ ಸಾಕು, ಶೆಡ್ಯೂಲ್ ಎಕ್ಸ್‌ಗೆ 20ಎಫ್ ಬೇರೆ. 2017ರ ತಿದ್ದುಪಡಿಯಿಂದ ಲೈಸೆನ್ಸಿಗೆ ಮುಕ್ತಾಯದ ತಾರೀಖಿಲ್ಲ, ಐದು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ಉಳಿಸಿಕೊಳ್ಳಬೇಕು. ಫಾರ್ಮಸಿಸ್ಟ್ ಬಿಟ್ಟುಹೋದರೆ ಇಲಾಖೆಗೆ ತಿಳಿಸಬೇಕು. ತಿಳಿಸದೆ ನಡೆಸಿ ಸಿಕ್ಕಿಬೀಳುವವರೇ ಹೆಚ್ಚು.

ಔಷಧಿ ನಕಲಿ ಅನ್ನಿಸುತ್ತಿದೆ. ಏನು ಮಾಡಲಿ?

ಮೊದಲು ಸೇವನೆ ನಿಲ್ಲಿಸಿ ಡಾಕ್ಟರನ್ನು ಕಾಣಿ. ಸ್ಟ್ರಿಪ್ಪು, ಉಳಿದ ಮಾತ್ರೆ, ಬಿಲ್ಲು ಎಸೆಯಬೇಡಿ. 2023ರ ಆಗಸ್ಟ್‌ನಿಂದ 300 ಪ್ರಮುಖ ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ, ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಬ್ಯಾಚು ತಾಳೆ ನೋಡಿ. ಆಮೇಲೆ ನಿಮ್ಮ ಜಿಲ್ಲೆಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಲಿಖಿತ ದೂರು ಕೊಡಿ. ಇನ್ಸ್‌ಪೆಕ್ಟರ್ ಅಂಗಡಿಯಿಂದ ಸ್ಯಾಂಪಲ್ ತೆಗೆದರೆ ಅದನ್ನು ನಾಲ್ಕು ಭಾಗ ಮಾಡಿ ಸೀಲು ಹಾಕಿ, ಒಂದನ್ನು ಸರ್ಕಾರಿ ವಿಶ್ಲೇಷಕರಿಗೆ ಕಳಿಸುತ್ತಾರೆ. ರಾಜ್ಯದಲ್ಲಿ ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯಲ್ಲಿ ಪರೀಕ್ಷಾ ಪ್ರಯೋಗಾಲಯಗಳಿವೆ.

ಇಲಾಖೆಯವರು ಬರುವವರೆಗೆ ಕಾಯಲೇಬೇಕು ಅಂತೇನಿಲ್ಲ. ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 26ನೇ ಸೆಕ್ಷನ್ನಿನಂತೆ, ತಾನು ಕೊಂಡ ಔಷಧಿಯನ್ನು ಯಾರು ಬೇಕಾದರೂ ಅರ್ಜಿ ಹಾಕಿ, ನಿಗದಿತ ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು, ಅವರು ಸಹಿ ಮಾಡಿದ ವರದಿಯನ್ನೂ ಪಡೆಯಬಹುದು. ಮಾನ್ಯತೆ ಪಡೆದ ಗ್ರಾಹಕ ಸಂಘಟನೆಯ ಮೂಲಕವೂ ಸಾಧ್ಯ. ನೀವೇ ಕೊಂಡದ್ದು ಅಂತ ತೋರಿಸಲು ಬಿಲ್ಲು ಬೇಕಾಗುತ್ತದೆ.